14 ವರ್ಷ ಸ್ಕಮ್‌ವಿಎಂ ಬಳಸಿದ ಮೇಲೆ: ಅಡ್ವೆಂಚರ್ ಗೇಮ್ ಸೋತಿದ್ದೆಲ್ಲಿ?

ಮೊದಲ ಸಲ ಹಾಕಿಕೊಂಡಿದ್ದು 2011ರ ಮಳೆಗಾಲದಲ್ಲಿ. ಅಲ್ಲಿಂದ ಇಲ್ಲಿಗೆ ಮೂರು ಲ್ಯಾಪ್‌ಟಾಪ್, ನಾಲ್ಕು ಫೋನ್ ಬದಲಾಗಿವೆ. ಹೊಸ ಯಂತ್ರ ಬಂದ ದಿನ ಮೊದಲು ನುಡಿ, ಆಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್, ಅದರ ಬೆನ್ನಿಗೆ ಸ್ಕಮ್‌ವಿಎಂ. ಈ ಕ್ರಮ ಒಮ್ಮೆಯೂ ತಪ್ಪಿಲ್ಲ.

ನನ್ನ ಕೆಲಸ ಗಂಗಾವತಿಯ ಒಂದು ರೈಸ್ ಮಿಲ್ಲಿನ ಕಾಟಾದಲ್ಲಿ. ಸುಗ್ಗಿ ಬಂದರೆ ರಾತ್ರಿಯೆಲ್ಲ ಭತ್ತದ ಲಾರಿಗಳ ಸಾಲು. ಒಂದು ತೂಗಿಸಿ ಇಳಿದು ಇನ್ನೊಂದು ಕಾಟಾ ಹತ್ತುವುದರೊಳಗೆ ಐದೋ ಹತ್ತೋ ನಿಮಿಷ ಸಿಗುತ್ತದೆ. ಅಷ್ಟು ಹೊತ್ತಿಗೆ ಅಡ್ವೆಂಚರ್ ಗೇಮಿನಷ್ಟು, ಅಂದರೆ ಕಥೆಯೊಳಗೆ ಓಡಾಡುತ್ತ ಒಗಟು ಬಿಡಿಸುವ ಆಟದಷ್ಟು, ಹೊಂದುವುದನ್ನು ನಾನು ಬೇರೆ ಕಂಡಿಲ್ಲ. ಅರ್ಧಕ್ಕೆ ಬಿಟ್ಟು ಎದ್ದರೆ ಅದು ಅಲ್ಲೇ ಕಾಯುತ್ತದೆ. ಬೆನ್ನ ಹಿಂದಿನಿಂದ ಯಾರೂ ಗುಂಡು ಹಾರಿಸುವುದಿಲ್ಲ. ಲಾರಿ ತೂಗುತ್ತಿರುವಾಗಲೂ ತಲೆಯೊಳಗೆ ಆಟ ನಡೆದೇ ಇರುತ್ತದೆ: ಆ ಹಗ್ಗವನ್ನು ಬಾವಿಕಟ್ಟೆಯ ಹತ್ತಿರ ಒಯ್ದು ನೋಡಲೇ ಇಲ್ಲವಲ್ಲ!

ಹೆಸರು ಕೇಳದವರಿಗಾಗಿ ಸ್ವಲ್ಪ ಹೇಳುತ್ತೇನೆ. ಸ್ಕಮ್‌ವಿಎಂ ಆಟವಲ್ಲ, ಹಳೆಯ ಆಟಗಳನ್ನು ಇಂದಿನ ಯಂತ್ರದಲ್ಲಿ ಆಡಿಸುವ ಸಾಧನ. 1987ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ರಾನ್ ಗಿಲ್ಬರ್ಟ್ ಮತ್ತು ಜತೆಗಾರರು 'ಮೇನಿಯಾಕ್ ಮ್ಯಾನ್ಶನ್' ಮಾಡುವಾಗ, ಆಟದ ಕಥೆ, ಮಾತು, ಒಗಟುಗಳನ್ನೆಲ್ಲ ಸ್ಕಮ್ ಎಂಬ ಸಣ್ಣ ಭಾಷೆಯಲ್ಲಿ ಬರೆದಿಟ್ಟು, ಅದನ್ನು ಓದಿ ಆಡಿಸುವ ಭಾಗವನ್ನು ಬೇರೆಯಾಗಿ ಮಾಡಿದರು. ನಮ್ಮ ಕಡೆಯವರಿಗೆ ದೊಡ್ಡಾಟ ನೆನಪಿಸಿದರೆ ಸಾಕು. ಅಲ್ಲಿ ಆಟದ ಮಾತು, ಹಾಡು ಬರೆದಿಟ್ಟ ಪ್ರತಿ ಬೇರೆ, ಮೇಳ ಬೇರೆ. ಹಳೆಯ ಮೇಳದವರು ಒಬ್ಬರೂ ಉಳಿಯದಿದ್ದರೂ ಪ್ರತಿ ಉಳಿದಿದ್ದರೆ ಹೊಸ ಹುಡುಗರು ಕಲಿತು ಅಟ್ಟ ಹತ್ತಬಹುದು. 2001ರಲ್ಲಿ ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗಿಯಸ್ ಮತ್ತು ವಿನ್ಸೆಂಟ್ ಹ್ಯಾಮ್ ಕಟ್ಟಿದ್ದು ಇಂಥದೇ ಒಂದು ಹೊಸ ಮೇಳ. ಅದು ಬರಬರುತ್ತ ಸಿಯೆರಾ, ರೆವಲ್ಯೂಷನ್, ಸಯಾನ್ ಕಂಪನಿಗಳ ಪ್ರತಿಗಳನ್ನೂ ಕಲಿತಿತು. 2021ರ 2.5ನೇ ಆವೃತ್ತಿಯಿಂದ 'ಗ್ರಿಮ್ ಫ್ಯಾಂಡಾಂಗೋ' ಕೂಡ ಇದರಲ್ಲೇ ಓಡುತ್ತದೆ. ಎಲ್ಲವೂ ಸ್ವಯಂಸೇವಕರ ದುಡಿಮೆ. ಒಂದು ರೂಪಾಯಿ ಕೊಡಬೇಕಿಲ್ಲ, ಜಾಹೀರಾತೂ ಇಲ್ಲ.

ಬಳಕೆಯ ವಿಷಯ. ಲ್ಯಾಪ್‌ಟಾಪಿನಲ್ಲಿ ತಕರಾರೇ ಇಲ್ಲ. ಯಾವ ಹಳೆಯ ಡಬ್ಬಾ ಯಂತ್ರದಲ್ಲೂ ಓಡುತ್ತದೆ, ಎಲ್ಲಿ ಬೇಕಾದರಲ್ಲಿ ಸೇವ್ ಮಾಡಬಹುದು, ಪಾತ್ರಗಳ ಮಾತು ಪರದೆಯ ಮೇಲೆ ನಿಲ್ಲುವ ವೇಗವನ್ನು ನಿಧಾನ ಮಾಡಿಕೊಳ್ಳಬಹುದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಕೊನೆಯದು ಎಷ್ಟು ದೊಡ್ಡ ಉಪಕಾರ ಎಂಬುದು ಆಡಿದವರಿಗೇ ಗೊತ್ತು. ಫೋನಿನಲ್ಲಿ ಮಾತ್ರ ಸಣ್ಣ ವಸ್ತುಗಳ ಮೇಲೆ ಬೆರಳು ನಿಲ್ಲಿಸುವುದು ಕಷ್ಟ. ಹೊಸಬರು ಮೊದಲ ದಿನ ತಬ್ಬಿಬ್ಬಾಗುವುದೂ ಉಂಟು. ಆಟದ ಫೈಲುಗಳನ್ನು ನಾವೇ ತಂದು ಒಂದು ಫೋಲ್ಡರಿನಲ್ಲಿಟ್ಟು ತೋರಿಸಬೇಕು, ಅದು ತಾನಾಗಿ ಏನನ್ನೂ ತರುವುದಿಲ್ಲ. ಇನ್ನೊಂದು ಮಾತು: ಸೇವ್ ಫೈಲುಗಳ ನಕಲನ್ನು ಬೇರೆಡೆ ಇಟ್ಟುಕೊಳ್ಳಿ. 2016ರಲ್ಲಿ ರಿಪೇರಿಗೆ ಕೊಟ್ಟ ಫೋನನ್ನು ಅಂಗಡಿಯವನು ಪೂರ್ತಿ ಅಳಿಸಿ ಕೊಟ್ಟ. ಎಂಟು ತಿಂಗಳ ಆಟ ಹೋಯಿತು.

ಇಷ್ಟು ಸಾಧನದ ಮಾತು. ಆದರೆ 14 ವರ್ಷ ಈ ಪರದೆಯ ಮುಂದೆ ಕೂತವನಿಗೆ ಒಂದು ಪ್ರಶ್ನೆ ಬಿಟ್ಟಿಲ್ಲ. ಇಷ್ಟು ಚೆಂದದ ಆಟಗಳು ಮ್ಯೂಸಿಯಮ್ಮಿಗೆ ಸೇರುವಂತಾದದ್ದು ಹೇಗೆ?

ಹೆಚ್ಚಿನವರು ಹೇಳುವ ಉತ್ತರ ನನಗೆ ಒಪ್ಪಿಗೆಯಿಲ್ಲ. 1993ರಲ್ಲಿ 'ಡೂಮ್' ಬಂತು, ಗುಂಡಿನಾಟ ಗೆದ್ದಿತು, ಕೂತು ಯೋಚಿಸುವವರು ಹೋದರು ಅನ್ನುತ್ತಾರೆ. ಅದೇ 1993ರಲ್ಲಿ 'ಮಿಸ್ಟ್' ಕೂಡ ಬಂತಲ್ಲ? ಗುಂಡಿಲ್ಲ, ವೈರಿಯಿಲ್ಲ. ಒಂದು ನಿರ್ಜನ ದ್ವೀಪ, ನಿಂತುಹೋದ ಯಂತ್ರಗಳು, ಗಾಳಿಯ ಸದ್ದು, ಅಷ್ಟೇ. ಮಿಲ್ಲರ್ ಸಹೋದರರ ಆ ಆಟ 60 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ, 2002ರಲ್ಲಿ 'ದಿ ಸಿಮ್ಸ್' ಹಿಂದಿಕ್ಕುವ ತನಕ ಪಿ.ಸಿ. ಆಟಗಳಲ್ಲೇ ಮೊದಲ ಸ್ಥಾನದಲ್ಲಿತ್ತು. ಯೋಚಿಸುವವರು ಎಲ್ಲೂ ಹೋಗಿರಲಿಲ್ಲ.

ಮಿಸ್ಟ್ ಆಡುವಾಗ ನನಗೆ ಕಾಣುವುದು ಹಿರೇಬೆಣಕಲ್. ಚಿಕ್ಕವರಿದ್ದಾಗ ಮಾವನ ಮಕ್ಕಳ ಜತೆ ಮೋರ್ಯರ ಗುಡ್ಡ ಹತ್ತುತ್ತಿದ್ದೆವು. ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ನೂರಾರು ಮನೆಗಳು, ಒಂದೊಂದರ ಗೋಡೆಯಲ್ಲಿ ಒಂದೊಂದು ದುಂಡನೆಯ ಕಿಂಡಿ. ಒಳಗೆ ಗಿಡ್ಡ ಮನುಷ್ಯರು ಇದ್ದರು ಎಂದು ಊರಿನವರು ಹೇಳುತ್ತಿದ್ದರು. ಎತ್ತರದ ಬಂಡೆಯ ಮೇಲೆ ಅರ್ಧ ಚೆಂಡಿನಾಕಾರದ ಕಲ್ಲಿನ ನಗಾರಿ. ಅದು ಏನೆಂದು ಯಾರೂ ಮೊದಲೇ ಹೇಳಿರಲಿಲ್ಲ. ಹತ್ತಿ, ಕೈಗೆ ಸಿಕ್ಕ ಗುಂಡುಕಲ್ಲಿನಿಂದ ಬಡಿದಾಗ ಕಲ್ಲು ಢಣ್ ಎಂದು ನುಡಿಯಿತು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಡ್ವೆಂಚರ್ ಗೇಮ್ ಕೊಡುವುದು ಇದೇ ಗಳಿಗೆ. ಯಾರೂ ಹೇಳಿಕೊಡದೆ, ನೀವೇ ಬಡಿದು ನೋಡಿ, ಕಲ್ಲು ಮಾತಾಡಿತು ಎಂದು ತಿಳಿಯುವ ಗಳಿಗೆ. ಈ ಬಗೆಯ ಆಟ ಹುಟ್ಟಿದ್ದೂ ಕಲ್ಲಿನ ನಡುವೆಯೇ. 1976ರಲ್ಲಿ ವಿಲ್ ಕ್ರೌಥರ್ ಬರೆದ ಮೊದಲ ಅಡ್ವೆಂಚರ್ ಗೇಮಿನ ದಾರಿಗಳು ಅಮೆರಿಕದ ಕೆಂಟಕಿಯಲ್ಲಿ ಅವರು ಸ್ವತಃ ನುಸುಳಿ ಓಡಾಡಿದ ಮ್ಯಾಮತ್ ಗುಹೆಯವು.

ಆ ಗಳಿಗೆ ಬರಬೇಕಾದರೆ ಮೊದಲು ಸಿಕ್ಕಿಹಾಕಿಕೊಳ್ಳಬೇಕು. ನನ್ನ ವಾದವೆಲ್ಲ ಇಷ್ಟೇ: ಸಿಕ್ಕಿಹಾಕಿಕೊಳ್ಳುವುದೇ ಈ ಆಟದ ಜೀವ, ಅದನ್ನು ಎರಡೂ ಕಡೆಯಿಂದ ಹಾಳುಮಾಡಿದರು. ಮಾಡುವವರು ಒಂದು ಕಡೆಯಿಂದ, ಆಡುವವರು ಇನ್ನೊಂದು ಕಡೆಯಿಂದ.

ಮಾಡುವವರ ಕಡೆಯದು ಮೊದಲು. 2001ರ ಬೇಸಿಗೆ, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಮಾವನ ಡಿ.ಟಿ.ಪಿ. ಅಂಗಡಿಯಲ್ಲಿ ಲಗ್ನಪತ್ರಿಕೆ ಕೆಲಸ ಮುಗಿದು ಶಟರ್ ಅರ್ಧ ಇಳಿದ ಮೇಲೆ ಕಂಪ್ಯೂಟರ್ ನಮ್ಮದು. ಆಗ ಆಡುತ್ತಿದ್ದದ್ದು 1991ರ 'ಮಂಕಿ ಐಲ್ಯಾಂಡ್ 2'. ಮುಂದೆ ಹೋಗಬೇಕಾದರೆ ಒಂದು ಜಲಪಾತ ನಿಲ್ಲಬೇಕು. ಮೇಲೆ ಹತ್ತಿದರೆ ಪಂಪ್ ಇದೆ, ತಿರುಗಿಸಲು ಏನೂ ಇಲ್ಲ. ಮಾವನ ಮಗ ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ದ್ವೀಪದ ನಕ್ಷೆ ಬರೆದು, ಎಲ್ಲಿ ಯಾವ ವಸ್ತುವಿದೆ ಎಂದು ಗುರುತು ಹಾಕಿದ್ದ. ಆ ವಸ್ತುಗಳನ್ನೆಲ್ಲ ಒಂದೊಂದಾಗಿ ಪಂಪಿಗೆ ಹಚ್ಚಿ ನೋಡಿದೆವು. ಬೇಸಿಗೆ ಕಳೆಯಿತು, ಪಿಯುಸಿ ಶುರುವಾಯಿತು, ಜಲಪಾತ ಸುರಿಯುತ್ತಲೇ ಇತ್ತು.

ಉತ್ತರ ಸಿಕ್ಕಿದ್ದು ದೀಪಾವಳಿ ರಜೆಯಲ್ಲಿ, ಅಣ್ಣನ ಐ.ಟಿ.ಐ. ಫಿಟ್ಟರ್ ಪುಸ್ತಕದಲ್ಲಿ. ಹತಾರಗಳ ಚಿತ್ರಗಳ ಪುಟದಲ್ಲಿ ಒಂದರ ಕೆಳಗೆ 'ಮಂಕಿ ರೆಂಚ್' ಎಂದಿತ್ತು. ಇಂಗ್ಲಿಷಿನಲ್ಲಿ ಒಂದು ಬಗೆಯ ಪಾನಾಕ್ಕೆ ಆ ಹೆಸರು. ಆಟದಲ್ಲಿ ಬೇರೊಂದು ದ್ವೀಪದ ಸಾರಾಯಿ ಅಂಗಡಿಯಲ್ಲಿ ಪಿಯಾನೋ ಬಾರಿಸುವ ಒಂದು ಮಂಗ ಇದೆ. ಪಿಯಾನೋದ ಮೇಲೆ ತೊನೆದಾಡುವ ತಾಳಯಂತ್ರಕ್ಕೆ ಬಾಳೆಹಣ್ಣು ಸಿಕ್ಕಿಸಿದರೆ ಮಂಗ ಮಂಕು ಹಿಡಿದು ಸೆಟೆದು ನಿಲ್ಲುತ್ತದೆ. ಅದನ್ನೇ ಎತ್ತಿ ಒಯ್ದು ಪಂಪಿಗೆ ಪಾನಾ ಹಾಕಿದಂತೆ ಹಾಕಿ ತಿರುಗಿಸಬೇಕು! ಪುಸ್ತಕ ಹಿಡಿದುಕೊಂಡೇ ಅಂಗಡಿಗೆ ಓಡಿದೆ. ಜಲಪಾತ ನಿಂತಾಗ ನಾಲ್ವರೂ ಕುಣಿದೆವು. ಆದರೆ ಆ ರಾತ್ರಿ ಮಲಗಿದ ಮೇಲೆ ಸಿಟ್ಟು ಬಂತು. ನಮ್ಮ ಬುದ್ಧಿ ಸೋತಿರಲಿಲ್ಲ. ಆ ಬೀಗದ ಕೀಲಿಕೈ ಇಂಗ್ಲಿಷಿನ ಒಂದು ಪದದೊಳಗೆ ಇತ್ತು, ಆ ಪದ ನಮ್ಮ ಊರಿಗೆ ಬಂದೇ ಇರಲಿಲ್ಲ. ಇಂಗ್ಲೆಂಡಿನಲ್ಲೇ ಅದಕ್ಕೆ ಸ್ಪ್ಯಾನರ್ ಅನ್ನುವುದು ವಾಡಿಕೆ ಎಂದು ಆಮೇಲೆ ತಿಳಿಯಿತು.

ಮಂಕಿ ಐಲ್ಯಾಂಡ್ ಮೇಲೆ ನನಗಿರುವ ಪ್ರೀತಿ ಇದರಿಂದ ಎಳ್ಳಷ್ಟೂ ಕಡಿಮೆಯಾಗಿಲ್ಲ. ಒಟ್ಟು ಆಟ ನ್ಯಾಯವಾಗಿದೆ, ಎಲ್ಲೂ ನಿಮ್ಮನ್ನು ದಾರಿಯಿಲ್ಲದ ಕಡೆ ಕೈಬಿಡುವುದಿಲ್ಲ. ಹಾಗೆ ಕೈಬಿಡುವ ಆಟಗಳು ತಪ್ಪು ಎಂದು ಗಿಲ್ಬರ್ಟ್ 1989ರಲ್ಲೇ ಲೇಖನ ಬರೆದಿದ್ದರು. 1990ರ 'ಕಿಂಗ್ಸ್ ಕ್ವೆಸ್ಟ್ 5' ನೋಡಿ. ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಬರುವ ಒಂದೇ ಕ್ಷಣದಲ್ಲಿ ಅದನ್ನು ಉಳಿಸದಿದ್ದರೆ, ಎಷ್ಟೋ ಹೊತ್ತಿನ ಮೇಲೆ ನಿಮ್ಮನ್ನು ಕಟ್ಟಿಹಾಕಿದಾಗ ಹಗ್ಗ ಕಡಿಯಲು ಇಲಿ ಬರುವುದಿಲ್ಲ. ಏನು ತಪ್ಪಾಯಿತೆಂದು ಆಟ ಹೇಳುವುದೂ ಇಲ್ಲ. 1999ರ 'ಗೇಬ್ರಿಯಲ್ ನೈಟ್ 3'ರಲ್ಲಂತೂ ಮೋಟಾರ್ ಬೈಕ್ ಬಾಡಿಗೆಗೆ ಪಡೆಯಲು ಬೆಕ್ಕಿನ ಕೂದಲಿನಿಂದ ಸುಳ್ಳು ಮೀಸೆ ಮಾಡಬೇಕು. ಆ ಮೀಸೆ ಹಚ್ಚಿಕೊಂಡು ಯಾರ ವೇಷ ಹಾಕಬೇಕೋ ಅವನಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟ್ ಚಿತ್ರದ ಮೇಲೂ ಮೀಸೆ ಬರೆಯಬೇಕು. ಅದನ್ನು ಬರೆದ ಜೇನ್ ಜೆನ್ಸನ್ ಅವರ ಕಥನ ಶಕ್ತಿಗೆ ನಾನು ಕೈಮುಗಿಯುತ್ತೇನೆ, ಆ ಸರಣಿಯ ಮೊದಲ ಆಟವನ್ನು ಮೂರು ಸಲ ಆಡಿದ್ದೇನೆ. ಆದರೆ ಒಗಟು ಹೀಗಾದಾಗ ಆಡುವವನು ಯೋಚಿಸುವುದನ್ನು ಬಿಡುತ್ತಾನೆ. ಯೋಚಿಸಿ ಉಪಯೋಗವಿಲ್ಲ ಎಂದು ಆಟವೇ ಕಲಿಸಿಕೊಟ್ಟಿರುತ್ತದೆ.

ಆಮೇಲೆ ಅವನು ಮಾಡುವುದೇನು? ಉತ್ತರ ಹುಡುಕುತ್ತಾನೆ. ನಾನೂ ಮಾಡಿದೆ. 2004ರಲ್ಲಿ ಬ್ರೌಸಿಂಗ್ ಸೆಂಟರಿಗೆ ಹೋಗಿ 'ದಿ ಲಾಂಗೆಸ್ಟ್ ಜರ್ನಿ' ಆಟದ ವಾಕ್‌ಥ್ರೂ, ಅಂದರೆ ಎಲ್ಲ ಒಗಟುಗಳ ಉತ್ತರ, ಪೂರ್ತಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ಮೊದಲು ಒಂದೇ ಒಗಟಿಗೆ ಎಂದು ಬಿಚ್ಚಿದ್ದು, ಎರಡನೆಯದಕ್ಕೆ ಅರ್ಧ ಗಂಟೆಯೂ ಕಾಯಲಿಲ್ಲ. ಎರಡು ರಾತ್ರಿಗೆ ಆಟ ಮುಗಿಯಿತು. ಅಷ್ಟು ದೊಡ್ಡ, ಅಷ್ಟು ಚೆಂದದ ಆಟದಲ್ಲಿ ಇವತ್ತು ನನಗೆ ನೆನಪಿರುವುದು ಎರಡೋ ಮೂರೋ ದೃಶ್ಯ. ಮಂಕಿ ಐಲ್ಯಾಂಡಿನ ದ್ವೀಪಗಳಲ್ಲಾದರೆ ಕಣ್ಣು ಮುಚ್ಚಿಕೊಂಡು ಓಡಾಡಬಲ್ಲೆ. ಈಗ ಫೋನು ಕಿಸೆಯಲ್ಲೇ ಇದೆ, ಸಿಕ್ಕಿಹಾಕಿಕೊಂಡ ಎರಡನೇ ನಿಮಿಷಕ್ಕೆ ಯಾರೋ ಆಡಿ ತೋರಿಸುವ ವಿಡಿಯೊ ಸಿಗುತ್ತದೆ. ಕಿಂಡಿಯೊಳಗೆ ತಲೆ ಹಾಕುವ ಮೊದಲೇ ಒಳಗೇನಿದೆ ಎಂದು ಹೇಳಿಬಿಟ್ಟಂತೆ.

ಉಳಿದದ್ದು ಬೇಗ ಹೇಳಬಹುದಾದ ದುಃಖದ ಕಥೆ. 1998ರಲ್ಲಿ ಟಿಮ್ ಶೇಫರ್ ಅವರ ಗ್ರಿಮ್ ಫ್ಯಾಂಡಾಂಗೋಗೆ ಹೊಗಳಿಕೆ ಬಂತು, ಅದಕ್ಕೆ ತಕ್ಕ ಮಾರಾಟ ಬರಲಿಲ್ಲ. 1999ರ ಫೆಬ್ರುವರಿಯಲ್ಲಿ ಕಿಂಗ್ಸ್ ಕ್ವೆಸ್ಟ್, ಗೇಬ್ರಿಯಲ್ ನೈಟ್ ಮಾಡಿದ ಸಿಯೆರಾದ ಓಕ್‌ಹರ್ಸ್ಟ್ ಸ್ಟುಡಿಯೊ ಮುಚ್ಚಿತು. 2004ರಲ್ಲಿ ಮಂಕಿ ಐಲ್ಯಾಂಡ್ ಮಾಡಿದ ಲ್ಯೂಕಾಸ್‌ಆರ್ಟ್ಸ್ ತನ್ನ ಹೊಸ 'ಸ್ಯಾಮ್ ಅಂಡ್ ಮ್ಯಾಕ್ಸ್' ಆಟವನ್ನು ಅರ್ಧಕ್ಕೇ ಕೈಬಿಟ್ಟಿತು. ಅಲ್ಲಿಂದ ಹೊರಬಂದವರು ಕಟ್ಟಿದ ಟೆಲ್‌ಟೇಲ್ 2012ರ 'ದಿ ವಾಕಿಂಗ್ ಡೆಡ್'ನಿಂದ ಮನೆಮಾತಾಯಿತು. ಒಳ್ಳೆಯ ಕಥೆ, ನಾನೂ ಅತ್ತಿದ್ದೇನೆ. ಆದರೆ ಅಲ್ಲಿ ಸಿಕ್ಕಿಹಾಕಿಕೊಳ್ಳುವುದೇ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕು ಮಾತುಗಳಲ್ಲಿ ಒಂದನ್ನು ಆರಿಸಿ, ಅದೂ ಗಡುವಿನೊಳಗೆ. ಆ ಕಂಪನಿಯೂ 2018ರಲ್ಲಿ ಬಾಗಿಲು ಹಾಕಿತು. 2012ರಲ್ಲಿ ಶೇಫರ್ ಹೊಸ ಅಡ್ವೆಂಚರ್ ಗೇಮ್ ಮಾಡುತ್ತೇನೆಂದು ಜನರ ಮುಂದೆ ಕೈಚಾಚಿದಾಗ 87 ಸಾವಿರಕ್ಕೂ ಹೆಚ್ಚು ಮಂದಿ 33 ಲಕ್ಷ ಡಾಲರ್ ಕೊಟ್ಟರು. ಆ ಸುದ್ದಿ ಓದಿದ ದಿನ ನನಗೆ ಎಷ್ಟು ಹಿಗ್ಗಾಗಿತ್ತೆಂದರೆ ಮಾವನ ಮಗನಿಗೆ ಫೋನ್ ಮಾಡಿ ಹೇಳಿದೆ. ಅವನು ಆಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಯೂನಿಟ್ ನೋಡಿಕೊಳ್ಳುತ್ತಿದ್ದ. "ಆ ನೋಟ್‌ಬುಕ್ ಇನ್ನೂ ಐತಲೇ ನನ್ ಹಂತ್ಯಾಕ" ಅಂದ.

ಒಳ್ಳೆಯವು ಈಗಲೂ ಬರುತ್ತಿವೆ. 2017ರ 'ಥಿಂಬಲ್‌ವೀಡ್ ಪಾರ್ಕ್', 2018ರ 'ಒಬ್ರಾ ಡಿನ್' ಆಡಿ ನೋಡಿ. ಎರಡನೆಯದಂತೂ ಯೋಚಿಸುವವನಿಗೆ ಪೂರ್ತಿ ಮರ್ಯಾದೆ ಕೊಡುತ್ತದೆ. ಆದರೆ ಇವು ಅಲ್ಲೊಂದು ಇಲ್ಲೊಂದು. ಒಂದು ಕಾಲಕ್ಕೆ ಇಡೀ ಓಣಿಯೇ ಆಡುತ್ತಿದ್ದ ಆಟವನ್ನು ಈಗ ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ಆಡುತ್ತೇವೆ.

ಸ್ಕಮ್‌ವಿಎಂ ಹಾಕಿಕೊಳ್ಳುವವರಿಗೆ ನನ್ನ ಸಲಹೆ: ಅವರ ತಾಣದಲ್ಲೇ 'ಬಿನೀತ್ ಎ ಸ್ಟೀಲ್ ಸ್ಕೈ' ಮತ್ತು 'ಫ್ಲೈಟ್ ಆಫ್ ದಿ ಅಮೆಜಾನ್ ಕ್ವೀನ್' ಉಚಿತವಾಗಿ, ಕಾನೂನುಬದ್ಧವಾಗಿ ಸಿಗುತ್ತವೆ. ಮೊದಲನೆಯದರಿಂದ ಶುರುಮಾಡಿ. ಆಡುವಷ್ಟು ದಿನ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಐದಕ್ಕೆ ಐದು ಅಂಕ ಕೊಡುತ್ತೇನೆ.

ಕಳೆದ ಸುಗ್ಗಿಯಲ್ಲಿ ಕಾಟಾದಲ್ಲಿ ಕೂತು ಮತ್ತೆ ಮಂಕಿ ಐಲ್ಯಾಂಡ್ 2 ಆಡುತ್ತಿದ್ದೆ. ಸಿಂಧನೂರು ಕಡೆಯ ಒಬ್ಬ ಡ್ರೈವರ್ ಚೀಟಿಗೆ ಕಾಯುತ್ತ ಕಿಟಕಿಯಿಂದ ಇಣುಕಿ, "ಅದೇನ್ರಿ ಸರ?" ಅಂದ. ನೀರು ನಿಲ್ಲಿಸಬೇಕು, ಪಂಪ್ ತಿರುಗುತ್ತಿಲ್ಲ ಅಂದೆ. "ಪಾನಾ ಹಾಕಿ ತಿರುವ್ರಿ" ಅಂದ, ಒಂದು ಕ್ಷಣವೂ ತಡೆಯದೆ. ಪಾನಾ ಇಲ್ಲ ಅಂದೆ. ಚೀಟಿ ಇಸಿದುಕೊಂಡು ಹೋದ.

ಮೂರು ವಾರ ಬಿಟ್ಟು ಇನ್ನೊಂದು ಲೋಡು ತಂದ. ಲಾರಿ ಕಾಟಾದ ಮೇಲೆ ನಿಲ್ಲಿಸಿ, ಇಳಿದು ಬಂದವನೇ ಕಿಟಕಿ ಹಿಡಿದು ಕೇಳಿದ: "ಪಾನಾ ಸಿಕ್ತೇನ್ರಿ?"

"ಪಾನಾ ಇಲ್ಲರೀ. ಒಂದು ಮಂಗ್ಯಾ ಐತಿ ನೋಡ್ರಿ" ಎಂದು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ. ಪಿಯಾನೋ ಬಾರಿಸುವ ಮಂಗವನ್ನು ನೋಡುತ್ತ ನಿಂತ. ಕ್ಲೀನರ್ ಹುಡುಗನೂ ಇಳಿದು ಬಂದು ಅವನ ಭುಜದ ಮೇಲಿನಿಂದ ಬಗ್ಗಿದ. ಹಿಂದಿನ ಲಾರಿಯವನು ಹಾರ್ನ್ ಹೊಡೆಯತೊಡಗಿದ. "ತಡಿಯೋ ಮಾರಾಯ" ಎಂದು ಅತ್ತ ಕೈ ಮಾಡಿ, ಅವನು ಮತ್ತೆ ಪರದೆಯ ಕಡೆ ತಿರುಗಿದ.