ಹತ್ತಕ್ಕೋ, ನೂರಕ್ಕೋ, ಸಾವಿರಕ್ಕೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ತೋಟದ ಚಾಲಿ ಅಡಿಕೆ (ಬಿಸಿಲಲ್ಲಿ ಒಣಗಿಸಿ ಸುಲಿದದ್ದು) 1,847 ಕಿಲೋ ತೂಗಿತು ಎಂದಿಟ್ಟುಕೊಳ್ಳಿ; ಕಿಲೋಗೆ 400 ರೂಪಾಯಿ. ಈ ತೂಕವನ್ನು ಸೊನ್ನೆಯಲ್ಲಿ ಮುಗಿಯುವ ಹತ್ತಿರದ ಯಾವ ಸಂಖ್ಯೆಗೆ ಅಂದಾಜಿಸಬೇಕು?

ಹತ್ತಿರದ ಹತ್ತಕ್ಕಾದರೆ 1,850. ವ್ಯತ್ಯಾಸ ಮೂರೇ ಕಿಲೋ, 1,200 ರೂಪಾಯಿ. ಮನೆಯ ಲೆಕ್ಕಪುಸ್ತಕಕ್ಕೆ ನಾನು ಆರಿಸುವುದು ಇದನ್ನೇ. ನೂರಕ್ಕಾದರೆ 1,800. ಬಾಯಿಮಾತಿಗೆ ಸಲೀಸು, ಆದರೆ 47 ಕಿಲೋ ಮಾಯ, ಅಂದರೆ 18,800 ರೂಪಾಯಿ! ಗಾಡಿ ಗೊತ್ತುಮಾಡುವಾಗಲಂತೂ ಇದನ್ನು ನಂಬಬೇಡಿ. ಅಲ್ಲಿ ಅಷ್ಟೂ ಅಡಿಕೆ ಹಿಡಿಸಬೇಕಾದ್ದರಿಂದ ಮೇಲಕ್ಕೇ ಹೋಗಿ 1,900 ಎನ್ನಬೇಕು. ಸಾವಿರಕ್ಕೆ 2,000, ಇಷ್ಟು ಸಣ್ಣ ಮೊತ್ತಕ್ಕೆ ತೀರಾ ಒರಟು. ಜಿಲ್ಲೆಯ ಜನಸಂಖ್ಯೆಯಂಥದ್ದಕ್ಕೆ ಅದು ಒಪ್ಪುತ್ತದೆ: 2011ರ ಜನಗಣತಿಯಲ್ಲಿ ಕಾಸರಗೋಡಿನ 13,07,375 ಮಂದಿ 13,07,000 ಆಗುತ್ತಾರೆ.

ಹತ್ತಿರದ ಸಂಖ್ಯೆಗೆ ಅಂದಾಜಿಸುವ ನಿಯಮ ಒಂದೇ: ಬೇಕಾದ ಸ್ಥಾನದ ಬಲಗಡೆಯ ಅಂಕಿ ನೋಡಿ. 5 ಅಥವಾ ಹೆಚ್ಚಿದ್ದರೆ ಒಂದು ಕೂಡಿಸಿ, ಕಡಿಮೆಯಿದ್ದರೆ ಹಾಗೇ ಬಿಡಿ, ಬಲಗಡೆಯದೆಲ್ಲ ಸೊನ್ನೆ.

ಮಕ್ಕಳು ಎಡವುವುದು ಇಲ್ಲಿ: 1,847ನ್ನು ಮೊದಲು 1,850 ಮಾಡಿ, ಅದನ್ನೇ ನೂರಕ್ಕೆ ಏರಿಸಿ 1,900 ಬರೆಯುತ್ತಾರೆ. ತಪ್ಪು. ನೂರು ಬೇಕೆಂದರೆ ಮೂಲ ಸಂಖ್ಯೆಯ 4ನ್ನೇ ನೋಡಬೇಕು. ವ್ಯಾಪಾರಿಯ ಚೀಟಿಯಲ್ಲಿ ಮಾತ್ರ 1,847 ಅಂತಲೇ ಇರಲಿ.