ಲೇಸರ್ ರೇಂಜಿಂಗ್ ಸ್ಟೇಷನ್‌ಗೆ ಒಂದೇ ದೊಡ್ಡ ಪ್ರೋಗ್ರಾಮಾ, ಬಿಡಿಬಿಡಿ ಪ್ರೋಗ್ರಾಮುಗಳಾ?

ಉಪಗ್ರಹಕ್ಕೆ ಲೇಸರ್ ಹೊಡೆದು ದೂರ ಅಳೆಯುವ ಸ್ಟೇಷನ್‌ನಲ್ಲಿ ಎರಡು ಬಗೆಯ ಸಾಫ್ಟ್‌ವೇರ್ ನಡೆಸಿ ನೋಡಿದ್ದೇನೆ. ಒಂದು ಹಳೇ ಸಿ ಕೋಡು: ಟೆಲಿಸ್ಕೋಪ್ ತಿರುಗಿಸೋದು, ಲೇಸರ್ ಹಾರಿಸೋದು, ಡೇಟಾ ಬರೆಯೋದು ಎಲ್ಲಾ ಒಂದೇ ಕಂಪ್ಯೂಟರ್, ಒಂದೇ ಪ್ರೋಗ್ರಾಂ. ಇನ್ನೊಂದರಲ್ಲಿ ಪ್ರತಿ ಉಪಕರಣಕ್ಕೂ ಒಂದೊಂದು ಸಣ್ಣ ಸರ್ವರ್, ಮೇಲೆ ಪೈಥಾನ್ ಪರದೆ. ಟೈಮಿಂಗ್ ಕೆಲಸ ಮಾತ್ರ ಎಫ್‌ಪಿಜಿಎ ಕಾರ್ಡಿನದು, ಅಂದರೆ ಆಪರೇಟಿಂಗ್ ಸಿಸ್ಟಂ ಹಂಗಿಲ್ಲದೆ ಸರ್ಕ್ಯೂಟಿನಲ್ಲೇ ಕೆಲಸ ಮುಗಿಸುವ ಚಿಪ್ಪಿನದು.

ಲೇಸರ್ ಸೆಕೆಂಡಿಗೆ 10 ಸಲ ಹೊಡೆಯುವಾಗ ಹಳೆಯದರಲ್ಲಿ ಕೊರತೆಯೇ ಕಾಣಲಿಲ್ಲ. ಲಾಜಿಯೋಸ್ ಅನ್ನೋ ಉಪಗ್ರಹ ಸುಮಾರು 5,900 ಕಿಲೋಮೀಟರ್ ಎತ್ತರದಲ್ಲಿದೆ. ಬೆಳಕು ಹೋಗಿ ಬರಲು 40ರಿಂದ 60 ಮಿಲಿಸೆಕೆಂಡ್ ಸಾಕು. ಮುಂದಿನ ಪಲ್ಸ್ ಹೊರಡುವುದರೊಳಗೆ ಹಿಂದಿನದು ವಾಪಸ್ ಬಂದಿರುತ್ತದೆ, ಲೆಕ್ಕ ಸುಲಭ. ಅದೇ 2 ಕಿಲೋಹರ್ಟ್ಸ್ ಲೇಸರ್ ಇಟ್ಟರೆ ಒಂದೇ ಹೊತ್ತಿಗೆ ನೂರರ ಆಸುಪಾಸಿನಷ್ಟು ಪಲ್ಸ್‌ಗಳು ದಾರಿಯಲ್ಲಿರುತ್ತವೆ. ಪ್ರತಿಯೊಂದಕ್ಕೂ ಸರಿಯಾದ ಗಳಿಗೆಯಲ್ಲಿ ರೇಂಜ್ ಗೇಟ್ ತೆರೆಯಬೇಕು, ಅಂದರೆ ವಾಪಸ್ ಬರುವ ಬೆಳಕಿಗೆ ಡಿಟೆಕ್ಟರನ್ನು ಕ್ಷಣಮಾತ್ರ ಎಚ್ಚರಿಸಬೇಕು. ಸಾಲದ್ದಕ್ಕೆ ಹೊರಡುವ ಪಲ್ಸಿನ ಬೆಳಕು ಹತ್ತಿರದ ಗಾಳಿಯಲ್ಲೇ ಚದುರಿ ಡಿಟೆಕ್ಟರಿಗೆ ಬಡಿಯುತ್ತದೆ. ರಿಟರ್ನ್ ಬರುವ ಹೊತ್ತಿಗೇ ಹೊಸ ಪಲ್ಸ್ ಹೊರಟರೆ ಆ ರಿಟರ್ನ್ ಹೋದಂತೆಯೇ. ಹಾಗಾಗದಂತೆ ಪಲ್ಸನ್ನು ಚೂರು ತಡಮಾಡಿ ಬಿಡಬೇಕು. ಡಿಸ್ಕ್‌ಗೆ ಬರೆಯುವುದು, ಪರದೆ ಚಿತ್ರಿಸುವುದು ಎಲ್ಲದರ ನಡುವೆ ಇದನ್ನೂ ಆಪರೇಟಿಂಗ್ ಸಿಸ್ಟಂ ಮೇಲೆ ಹೇರಿದರೆ ಆಗಾಗ ಗೇಟ್ ತಪ್ಪೇ ತಪ್ಪುತ್ತದೆ. ಕಾರ್ಡಿಗೆ ಇದು ಲೆಕ್ಕಕ್ಕೇ ಇಲ್ಲ. ಕಿಲೋಹರ್ಟ್ಸ್ ಲೇಸರ್ ಇದ್ದರೆ ಚರ್ಚೆ ಇಲ್ಲಿಗೇ ಮುಗೀತು, ಅಲ್ವಾ?

ಪೂರ್ತಿ ಮುಗಿಯಲ್ಲ. ಕೆಳಗಿನ ಕಕ್ಷೆಯ ಉಪಗ್ರಹ ಹುಡುಕುವಾಗ ನನಗೆ ಹಳೆಯದೇ ಇಷ್ಟ. ಸಿಪಿಎಫ್ ಫೈಲ್ (ಉಪಗ್ರಹ ಯಾವಾಗ ಎಲ್ಲಿರುತ್ತದೆ ಅನ್ನೋ ಮುನ್ನಂದಾಜು) ಸ್ವಲ್ಪ ಹಳೆಯದಾದರೆ ಉಪಗ್ರಹ ಹೇಳಿದ ಸಮಯಕ್ಕೆ ಹೇಳಿದ ಜಾಗದಲ್ಲಿರಲ್ಲ. 10 ಮಿಲಿಸೆಕೆಂಡ್ ವ್ಯತ್ಯಾಸ ಅಂದರೆ ಸುಮಾರು 75 ಮೀಟರ್ ಆಚೀಚೆ. 200 ನ್ಯಾನೊಸೆಕೆಂಡಿನ ಗೇಟ್‌ಗೆ ಸಿಗೋದು 30 ಮೀಟರ್ ಮಾತ್ರ. ಆಗ ಟೈಮ್ ಬಯಾಸ್, ಅಂದರೆ ಮುನ್ನಂದಾಜಿನ ಸಮಯಕ್ಕೆ ಮಾಡುವ ತಿದ್ದುಪಡಿ, ಬದಲಿಸುತ್ತಾ ತಡಕಾಡಬೇಕು. ಹಳೆಯದರಲ್ಲಿ ಬಾಣದ ಕೀ ಒತ್ತಿದ ತಕ್ಷಣ ಓ-ಸಿ ಪರದೆಯ (ಅಳೆದದ್ದಕ್ಕೂ ಲೆಕ್ಕ ಹಾಕಿದ್ದಕ್ಕೂ ಇರುವ ವ್ಯತ್ಯಾಸ ತೋರಿಸುವುದು) ಚುಕ್ಕೆಗಳು ಜಿಗಿಯುತ್ತವೆ. ಚೆಲ್ಲಾಪಿಲ್ಲಿ ಚುಕ್ಕೆಗಳ ನಡುವೆ ಒಂದು ಓರೆ ಗೆರೆ ಮೂಡುತ್ತದೆ. ಇನ್ನೆರಡು ಸಲ ಒತ್ತಿದರೆ ಗೆರೆ ಮಟ್ಟಸವಾಗುತ್ತದೆ. ಕಣ್ಣು ಪರದೆಯಿಂದ ಕದಲಲ್ಲ. ಹೊಸದರಲ್ಲಿ ಮೌಸ್ ಹಿಡಿದು, ಪೆಟ್ಟಿಗೆಯಲ್ಲಿ ಸಂಖ್ಯೆ ಟೈಪ್ ಮಾಡಿ, ಎಂಟರ್ ಒತ್ತಿ ಕಾಯಬೇಕು. ಪಾಸ್, ಅಂದರೆ ಉಪಗ್ರಹ ನಮ್ಮ ಆಕಾಶ ದಾಟುವ ಹೊತ್ತು, ಇರೋದೇ ಕೆಲವು ನಿಮಿಷ! ಇದನ್ನು ಬರೆದವರು ಪಾಸ್ ನಡೆಯುವಾಗ ಕುರ್ಚಿಯಲ್ಲಿ ಕೂತವರಲ್ಲ ಅನ್ನಿಸುತ್ತದೆ.

ಕೆಟ್ಟಾಗ ಮಾತ್ರ ಹೊಸದೇ ಮೇಲು. ಟೈಮರ್ ಸರ್ವರ್ ಬಿದ್ದರೆ ಅದೊಂದನ್ನೇ ಮತ್ತೆ ಎಬ್ಬಿಸಿದರಾಯಿತು, ಟೆಲಿಸ್ಕೋಪ್ ಸುಮ್ನೆ ಹಿಂಬಾಲಿಸುತ್ತಾ ಇರುತ್ತದೆ. ಹಳೆಯದರಲ್ಲಿ ಒಂದು ಕಡೆ ತಪ್ಪಿದರೆ ಎಲ್ಲವೂ ನಿಂತು, ಆ ಪಾಸ್ ಕೈಬಿಟ್ಟು ಹೋಗುತ್ತದೆ. ಉಪಕರಣ ಬದಲಿಸುವಾಗಲೂ ಅಷ್ಟೇ. ಹೊಸ ಡಿಟೆಕ್ಟರ್ ಬಂದರೆ ಇಲ್ಲಿ ಒಂದು ಸರ್ವರ್ ತಿದ್ದಿದರೆ ಸಾಕು. ಅಲ್ಲಿ ಯಾರೋ ಯಾವ ಕಾಲದಲ್ಲೋ ಬರೆದಿಟ್ಟ ಗ್ಲೋಬಲ್ ವೇರಿಯೇಬಲ್‌ಗಳ ಕಾಡಿನೊಳಗೆ ನುಗ್ಗಬೇಕು.

ಡೇಟಾ ಕಳಿಸುವುದರಲ್ಲಿ ಹೇಳುವಂಥದ್ದೇನಿಲ್ಲ. ಎರಡೂ ಸಿಆರ್‌ಡಿ ಫೈಲ್ (ಅಳತೆ ಕಳಿಸುವ ನಿಗದಿತ ನಮೂನೆ) ಕೊಡುತ್ತವೆ, ಎರಡೂ ಲಾಜಿಯೋಸ್‌ಗೆ 120 ಸೆಕೆಂಡಿನ ನಾರ್ಮಲ್ ಪಾಯಿಂಟ್ (ಅಷ್ಟು ಹೊತ್ತಿನ ಅಳತೆಗಳ ಸರಾಸರಿ) ಮಾಡುತ್ತವೆ.

ಹಾಗಾಗಿ 10 ಹರ್ಟ್ಸ್ ಲೇಸರ್, ಪಳಗಿದ ಆಪರೇಟರ್ ಇರುವ ಕಡೆ ಹಳೆಯದನ್ನು ಕಿತ್ತು ಹಾಕಿ ಅನ್ನಲ್ಲ. ಮಿಕ್ಕ ಕಡೆ ಬಿಡಿಬಿಡಿಯದೇ ಸರಿ, ಆದರೆ ಮೊದಲ ದಿನವೇ ಟೈಮ್ ಬಯಾಸ್‌ಗೆ ಎರಡು ಕೀ ಕಟ್ಟಿಸಿಕೊಳ್ಳಿ. ವಿಮಾನ ಬಂದಾಗ ಕಿರಣ ತಡೆಯುವ ಕೊನೆಯ ಹೊಣೆಯನ್ನು ಮಾತ್ರ ಎರಡರಲ್ಲಿ ಯಾವುದಕ್ಕೂ ನಾನು ಕೊಡಲ್ಲ. ಅದಕ್ಕೆ ಪ್ರೋಗ್ರಾಂ ಸತ್ತರೂ ತಾನಾಗಿ ಮುಚ್ಚಿಕೊಳ್ಳುವ, ಬೇರೆಯದೇ ವೈರಿನ ಶಟರ್ ಇರಬೇಕು.