ವ್ಯಾಲಿಡೇಶನ್ ಕ್ಲಾಸ್‌ನ ಹೊಸ ಆವೃತ್ತಿ: ತಪ್ಪನ್ನು ಹಿಡಿಯುತ್ತದೆ, ಮಾಹಿತಿಯನ್ನು ತಿದ್ದುವುದಿಲ್ಲ

ವೆಬ್ ಫಾರ್ಮ್‌ಗಳಲ್ಲಿ ತುಂಬಿ ಕಳಿಸುವ ಮಾಹಿತಿಯನ್ನು ಪರಿಶೀಲಿಸಲು ನಾನು ಹಲವು ಪ್ರಾಜೆಕ್ಟ್‌ಗಳಲ್ಲಿ ಬಳಸುತ್ತ ಬಂದಿರುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಸಣ್ಣ ಕ್ಲಾಸ್‌ನ (ಮತ್ತೆ ಮತ್ತೆ ಬಳಸಬಹುದಾದ ಕೋಡ್ ಘಟಕದ) ಪರಿಷ್ಕೃತ ಆವೃತ್ತಿಯ ವಿಮರ್ಶೆ ಇದು. ಹಳೆಯ ಆವೃತ್ತಿಯ ಮೂಲ ದೋಷವೆಂದರೆ ಪರಿಶೀಲನೆ ಮತ್ತು ಶುದ್ಧೀಕರಣ (ಅಪಾಯಕಾರಿ ಎನಿಸುವ ಚಿಹ್ನೆಗಳನ್ನು ಬದಲಿಸುವುದು) ಎರಡನ್ನೂ ಒಂದೇ ಮೆಥಡ್‌ಗೆ (ಕ್ಲಾಸ್‌ನೊಳಗಿನ ಫಂಕ್ಷನ್‌ಗೆ) ತುರುಕಿದ್ದು. ಹೆಸರಿನಲ್ಲಿ ಅಪಾಸ್ಟ್ರಫಿ ಇದ್ದರೆ ಅದು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನ ಸಂಕೇತವಾಗಿ (') ಬದಲಾಗಿಯೇ ಡೇಟಾಬೇಸ್ ಸೇರುತ್ತಿತ್ತು, ಮುಂದೆ ಇಮೇಲ್‌ನಲ್ಲೋ ಪಿಡಿಎಫ್‌ನಲ್ಲೋ ಅದೇ ಸಂಕೇತ ಹಾಗೆಯೇ ಅಚ್ಚಾಗುತ್ತಿತ್ತು. ಇದಕ್ಕೆ ಕಾರಣವಾದ ಸ್ಟ್ರಿಂಗ್ ಸ್ಯಾನಿಟೈಸ್ ಫಿಲ್ಟರನ್ನು (ಪಠ್ಯವನ್ನು ಶುದ್ಧೀಕರಿಸುವ ಸೌಲಭ್ಯವನ್ನು) ಪಿಎಚ್‌ಪಿ 8.1ರಲ್ಲಿಯೇ ಡಿಪ್ರಿಕೇಟ್ ಮಾಡಲಾಗಿದೆ, ಅಂದರೆ ಇನ್ನು ಬಳಸಬಾರದೆಂದು ಸೂಚಿಸಲಾಗಿದೆ. ಹೊಸ ಆವೃತ್ತಿ ಬಂದ ಮಾಹಿತಿಯನ್ನು ಮುಟ್ಟುವುದಿಲ್ಲ; ಸರಿಯೋ ತಪ್ಪೋ ಎಂದಷ್ಟೇ ಹೇಳಿ, ಎಸ್ಕೇಪ್ ಮಾಡುವ (ವಿಶೇಷ ಚಿಹ್ನೆಗಳು ಪುಟದಲ್ಲಿ ಸುರಕ್ಷಿತವಾಗಿ ಕಾಣುವಂತೆ ಬದಲಿಸುವ) ಹೊಣೆಯನ್ನು ಪುಟವನ್ನು ತೋರಿಸುವ ಕೋಡ್‌ಗೆ ಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಈ ಒಂದು ಬದಲಾವಣೆಗಾಗಿಯೇ ಅಪ್‌ಗ್ರೇಡ್ ಮಾಡಿಕೊಳ್ಳಬೇಕು.

ಕಡ್ಡಾಯ ಫೀಲ್ಡ್‌ನ ನಿಯಮವೂ ಸುಧಾರಿಸಿದೆ. ಹಿಂದೆ ಅದು ಪಿಎಚ್‌ಪಿಯ ಎಂಪ್ಟಿ ಪರೀಕ್ಷೆಯನ್ನೇ ನಂಬಿತ್ತು. ಆ ಪರೀಕ್ಷೆ "0" ಎಂಬ ಉತ್ತರವನ್ನೂ ಖಾಲಿ ಎಂದೇ ಎಣಿಸುವುದರಿಂದ, ಅವಲಂಬಿತರ ಸಂಖ್ಯೆ ಸೊನ್ನೆ ಎಂದು ಬರೆದವರಿಗೆ ಫಾರ್ಮ್ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಈಗ ಮೌಲ್ಯ ಸ್ಟ್ರಿಂಗ್ (ಪಠ್ಯ) ಹೌದೇ ಎಂದು ಮೊದಲು ನೋಡಿ, ಅಕ್ಕಪಕ್ಕದ ಖಾಲಿ ಜಾಗ ಬಿಟ್ಟು ಏನಾದರೂ ಉಳಿಯುತ್ತದೆಯೇ ಎಂದು ಪರೀಕ್ಷಿಸುತ್ತದೆ. ಈ ಮೊದಲ ಹೆಜ್ಜೆ ತುಂಬ ಮುಖ್ಯ, ಏಕೆಂದರೆ ಫೀಲ್ಡ್‌ನ ಹೆಸರಿಗೆ ಚೌಕಾವರಣ ಸೇರಿಸಿ ಕಳಿಸಿದರೆ ಸರ್ವರ್‌ಗೆ ಅರೇ (ಮೌಲ್ಯಗಳ ಪಟ್ಟಿ) ತಲುಪುತ್ತದೆ, ಪಿಎಚ್‌ಪಿ 8ರಲ್ಲಿ ಅದನ್ನು ಖಾಲಿ ಜಾಗ ತೆಗೆಯುವ ಟ್ರಿಮ್ ಫಂಕ್ಷನ್‌ಗೆ ಕೊಟ್ಟ ಕೂಡಲೇ ಪ್ರೋಗ್ರಾಂ ಎರರ್ ಎಸೆಯುತ್ತದೆ. ಬ್ರೌಸರ್‌ನಲ್ಲಿ ಎಷ್ಟು ತಪಾಸಣೆ ಇಟ್ಟರೂ ಇಂಥ ಕೋರಿಕೆಯನ್ನು ತಡೆಯಲಾಗದು.

ಉದ್ದದ ಮಿತಿಯ ವಿಷಯದಲ್ಲಿ ಆಗಿರುವ ಸುಧಾರಣೆ ಕನ್ನಡದಲ್ಲಿ ಫಾರ್ಮ್ ತುಂಬುವವರಿಗೆ ನೇರವಾಗಿ ಉಪಯುಕ್ತ. "ಕನ್ನಡ" ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ 5 ಸಂಕೇತಗಳಿವೆ (ಕ, ನ, ್, ನ, ಡ), ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಅವು 15 ಬೈಟ್‌ಗಳಾಗುತ್ತವೆ. ಹಳೆಯ ಕ್ಲಾಸ್ ಬೈಟ್‌ಗಳನ್ನು ಎಣಿಸುತ್ತಿದ್ದ ಕಾರಣ, 30ರ ಮಿತಿ ಇದ್ದರೆ 11 ಸಂಕೇತಗಳ ಕನ್ನಡ ಹೆಸರೂ ತಿರಸ್ಕೃತವಾಗುತ್ತಿತ್ತು. ಈಗ ಮಲ್ಟಿಬೈಟ್ ಫಂಕ್ಷನ್ ಬಳಸಿರುವುದರಿಂದ ಎಣಿಕೆ ಸಂಕೇತಗಳದ್ದು. ಒತ್ತಕ್ಷರವನ್ನು ಒಂದೇ ಅಕ್ಷರವೆಂದು ಎಣಿಸುವಷ್ಟು ಅದು ಮುಂದುವರಿದಿಲ್ಲ, ಆದರೂ ಅನ್ಯಾಯ ಬಹಳ ಕಡಿಮೆಯಾಗಿದೆ.

ದೋಷ ಸಂದೇಶಗಳು ಒಂದೊಂದಾಗಿ ಬರದೆ, ಎಲ್ಲ ಫೀಲ್ಡ್‌ಗಳದ್ದೂ ಒಟ್ಟಿಗೆ, ಫೀಲ್ಡ್‌ನ ಹೆಸರಿನ ಜೊತೆ ಸಿಗುತ್ತವೆ. ಪ್ರತಿಯೊಂದು ನಿಯಮವೂ ಪ್ರತ್ಯೇಕ ಕ್ಲಾಸ್ ಆಗಿರುವುದರಿಂದ ಹೊಸ ನಿಯಮ ಸೇರಿಸಲು ಮೂಲ ಕೋಡನ್ನು ತಿದ್ದಬೇಕಿಲ್ಲ.

ನನಗೆ ಒಪ್ಪಿಗೆಯಾಗದೆ ಉಳಿದದ್ದು ದಿನಾಂಕದ ನಿಯಮ. ಅದು ಪಠ್ಯವನ್ನು ದಿನಾಂಕವಾಗಿ ಓದುವ, ಡೇಟ್‌ಟೈಮ್‌ನ ಕ್ರಿಯೇಟ್ ಫ್ರಮ್ ಫಾರ್ಮ್ಯಾಟ್ ಮೆಥಡ್ ಫಾಲ್ಸ್ (ತಪ್ಪು ಎಂಬ ಉತ್ತರ) ಕೊಡಲಿಲ್ಲವೆಂದರೆ ದಿನಾಂಕ ಸರಿಯೆಂದೇ ತೀರ್ಮಾನಿಸುತ್ತದೆ. ಆದರೆ ಆ ಮೆಥಡ್‌ಗೆ 2023ರ ಫೆಬ್ರವರಿ 30 ಎಂದು ಕೊಟ್ಟರೆ ಅದು ನಿರಾಕರಿಸದೆ ಮಾರ್ಚ್ 2 ಎಂದು ಮಾಡಿಬಿಡುತ್ತದೆ. ಪಡೆದ ದಿನಾಂಕವನ್ನು ಅದೇ ಮಾದರಿಯಲ್ಲಿ ಮತ್ತೆ ಬರೆದು, ಬಳಕೆದಾರರು ಕೊಟ್ಟ ಪಠ್ಯದೊಂದಿಗೆ ಹೋಲಿಸುವ ಒಂದು ಸಾಲು ಸೇರಿದರೆ ಈ ಕೊರತೆ ನೀಗುತ್ತದೆ. ಅಲ್ಲಿಯವರೆಗೆ ಜನ್ಮದಿನಾಂಕ ಕೇಳುವ ಫಾರ್ಮ್‌ಗಳಲ್ಲಿ ಈ ನಿಯಮವನ್ನು ಬಿಟ್ಟು, ಅಂಥ ದಿನಾಂಕ ನಿಜವಾಗಿ ಇದೆಯೇ ಎಂದು ನೋಡುವ ಚೆಕ್‌ಡೇಟ್ ಫಂಕ್ಷನ್ ಬಳಸುವುದು ಒಳ್ಳೆಯದು.